ಕುಡುಗೋಲು ಕಣ ರೋಗ: ಮನೆತನದಲ್ಲಿ ಕಾಯಿಲೆ ಇಳಿದು ಬರುವ ಬಗೆ

‘ಅಜ್ಜನ ಮೂಗು ಮೊಮ್ಮಗನಿಗೆ ಬಂದಿದೆ’, ‘ಥೇಟ್ ಸೋದರತ್ತೆಯ ಬಣ್ಣ’ ಎಂಬ ಮಾತುಗಳನ್ನು ತೊಟ್ಟಿಲ ಸುತ್ತ ನಿಂತವರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ರೂಪ, ಬಣ್ಣ, ಎತ್ತರ ಬರುವ ದಾರಿಯಲ್ಲೇ ಕೆಲವು ಕಾಯಿಲೆಗಳೂ ಮಕ್ಕಳಿಗೆ ಬರುತ್ತವೆ. ಇವು ಸೋಂಕಿನಿಂದ ಹರಡುವುದಿಲ್ಲ. ತಂದೆ ತಾಯಿಯಿಂದ ಮಗುವಿಗೆ ಹುಟ್ಟಿನಲ್ಲೇ ಬರುತ್ತವೆ. ಇವನ್ನು ಆನುವಂಶಿಕ ರೋಗಗಳು ಎಂದು ಕರೆಯುತ್ತಾರೆ.

ನೀಲಗಿರಿ, ಗೂಡಲೂರು ಮತ್ತು ವಯನಾಡಿನ ಕಡೆಯ ಓದುಗರಿಗೆ ಇಂಥ ಒಂದು ಕಾಯಿಲೆಯ ಹೆಸರು ಹೊಸದಲ್ಲ. ಅದು ಸಿಕಲ್ ಸೆಲ್ ರೋಗ. ಮಲಯಾಳದಲ್ಲಿ ಇದನ್ನು ‘ಅರಿವಾಳ್ ರೋಗಂ’ ಎನ್ನುತ್ತಾರೆ. ತಮಿಳಿನಲ್ಲಿಯೂ ‘ಅರಿವಾಳ್’ ಎಂಬ ಪದವೇ ಬಳಕೆಯಲ್ಲಿದೆ. ಅರಿವಾಳ್ ಎಂದರೆ ಕುಡುಗೋಲು. ಕನ್ನಡದಲ್ಲಿ ಇದು ಕುಡುಗೋಲು ಕಣ ರೋಗ. ಆಸ್ಪತ್ರೆಯ ಚೀಟಿ ಯಾವ ಭಾಷೆಯಲ್ಲಿ ಬಂದರೂ ಕಾಯಿಲೆ ಒಂದೇ. ಮನೆಯಿಂದ ಮನೆಗೆ, ತಲೆಮಾರಿನಿಂದ ತಲೆಮಾರಿಗೆ ಇದು ಹೇಗೆ ಇಳಿಯುತ್ತದೆ, ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ವಂಶವಾಹಿ ಎಂದರೇನು?

ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. ಇವು 23 ಜೋಡಿಗಳಾಗಿವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಈ ವರ್ಣತಂತುಗಳ ಮೇಲೆ ವಂಶವಾಹಿಗಳು, ಅಂದರೆ ಜೀನ್‌ಗಳು ಇರುತ್ತವೆ. ದೇಹವನ್ನು ಕಟ್ಟುವ, ನಡೆಸುವ ಸೂಚನೆಗಳು ಇವುಗಳಲ್ಲಿ ಅಡಗಿವೆ. ಹೀಗಾಗಿ ಬಹುತೇಕ ಪ್ರತಿ ಸೂಚನೆಗೂ ನಮ್ಮಲ್ಲಿ ಎರಡು ಪ್ರತಿಗಳಿವೆ: ತಾಯಿಯದೊಂದು, ತಂದೆಯದೊಂದು.

ಈ ಲೆಕ್ಕವನ್ನು ಮೊದಲು ಕಂಡುಕೊಂಡವನು ಗ್ರೆಗೊರ್ ಮೆಂಡೆಲ್ ಎಂಬ ಪಾದ್ರಿ. ಈಗಿನ ಜೆಕ್ ದೇಶದ ಬ್ರನೋ ಪಟ್ಟಣದ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ, ತಲೆಮಾರುಗಳ ಲೆಕ್ಕವಿಟ್ಟು, 1866ರಲ್ಲಿ ಅದನ್ನು ಪ್ರಕಟಿಸಿದ. ಆಗ ಅದನ್ನು ಹೆಚ್ಚಿನವರು ಗಮನಿಸಲಿಲ್ಲ. 1900ರಲ್ಲಿ ಬೇರೆ ವಿಜ್ಞಾನಿಗಳು ಅದರ ಮಹತ್ವ ಅರಿತರು. ಒಂದು ಗುಣ ಒಂದು ತಲೆಮಾರಿನಲ್ಲಿ ಕಾಣದೆ ಮರೆಯಾಗಿದ್ದು ಮುಂದಿನ ತಲೆಮಾರಿನಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು ಎಂಬುದು ಮೆಂಡೆಲ್ ತೋರಿಸಿಕೊಟ್ಟ ಮುಖ್ಯ ಸಂಗತಿ. ಕುಡುಗೋಲು ಕಣ ರೋಗ ಇದೇ ಬಗೆಯದು.

ರಕ್ತದಲ್ಲಿ ಆಗುವುದೇನು?

ರಕ್ತದ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಎಂಬ ವಸ್ತುವಿದೆ. ಉಸಿರಿನಿಂದ ಬಂದ ಆಮ್ಲಜನಕವನ್ನು ದೇಹಕ್ಕೆಲ್ಲ ಸಾಗಿಸುವುದು ಅದರ ಕೆಲಸ. ಇದರ ಒಂದು ಭಾಗವನ್ನು ತಯಾರಿಸುವ ವಂಶವಾಹಿ 11ನೇ ವರ್ಣತಂತುವಿನ ಮೇಲಿದೆ. ಆ ಸೂಚನೆಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ‘ಎ’ ಬಗೆಯ ಹಿಮೋಗ್ಲೋಬಿನ್ ಬದಲು ‘ಎಸ್’ ಬಗೆಯದು ತಯಾರಾಗುತ್ತದೆ.

ಎರಡೂ ಪ್ರತಿಗಳು ‘ಎಸ್’ ಆಗಿದ್ದಾಗ, ಆಮ್ಲಜನಕ ಕಡಿಮೆಯಾದ ಕಡೆ ಈ ಹಿಮೋಗ್ಲೋಬಿನ್ ಗಟ್ಟಿಯಾಗಿ ಎಳೆಗಟ್ಟುತ್ತದೆ. ದುಂಡಗೆ, ಮೆತ್ತಗೆ ಇರಬೇಕಾದ ಕೆಂಪು ಕಣ ಕುಡುಗೋಲಿನಂತೆ ಬಾಗಿ ಬಿರುಸಾಗುತ್ತದೆ. ಇದರಿಂದ ಎರಡು ತೊಂದರೆಗಳು:

1. ಬಿರುಸಾದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ಹರಿವನ್ನು ತಡೆಯುತ್ತವೆ. ಆಗ ಕೈಕಾಲು, ಬೆನ್ನು, ಎದೆ, ಹೊಟ್ಟೆಯಲ್ಲಿ ತಡೆಯಲಾರದ ನೋವು ಬರುತ್ತದೆ. ಹಳ್ಳಿಗಳಲ್ಲಿ ಇದನ್ನು ‘ವಾತ’ ಎಂದು ತಿಳಿದು ಎಣ್ಣೆ ತಿಕ್ಕಿ ಸುಮ್ಮನಾಗುವುದುಂಟು.

2. ಸಾಮಾನ್ಯ ಕೆಂಪು ಕಣ ಸುಮಾರು 120 ದಿನ ಬಾಳುತ್ತದೆ. ಈ ರೋಗದಲ್ಲಿ ಅದು ಸುಮಾರು 10ರಿಂದ 20 ದಿನಗಳಲ್ಲೇ ಒಡೆಯುತ್ತದೆ. ಹೀಗಾಗಿ ರಕ್ತಹೀನತೆ, ಆಯಾಸ, ಕಣ್ಣು ಹಳದಿಯಾಗುವುದು ಕಾಣಿಸುತ್ತದೆ.

ಹುಟ್ಟಿದ ಕೂಡಲೇ ಲಕ್ಷಣಗಳು ಕಾಣುವುದಿಲ್ಲ. ಮಗುವಿನ ರಕ್ತದಲ್ಲಿ ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಇನ್ನೂ ಕೆಲವು ತಿಂಗಳು ಉಳಿದು ರಕ್ಷಣೆ ನೀಡುತ್ತದೆ. ಸುಮಾರು ಆರು ತಿಂಗಳ ನಂತರ ಮಗುವಿನ ಅಂಗೈ, ಪಾದ ಊದುವುದು ಅನೇಕ ಬಾರಿ ಮೊದಲ ಲಕ್ಷಣ. ‘ಹುಟ್ಟಿದಾಗ ಚೆನ್ನಾಗಿಯೇ ಇತ್ತು, ಯಾರ ದೃಷ್ಟಿ ತಾಗಿತೋ’ ಎಂದು ಮನೆಯವರು ಕೊರಗುವುದಕ್ಕೆ ಇದೂ ಒಂದು ಕಾರಣ.

ನೀಲಗಿರಿಯಲ್ಲಿ ಕಂಡದ್ದು

ವೈದ್ಯಲೋಕಕ್ಕೆ ಈ ರೋಗದ ಮೊದಲ ವಿವರ ನೀಡಿದವರು ಅಮೆರಿಕದ ಷಿಕಾಗೊ ನಗರದ ವೈದ್ಯ ಜೇಮ್ಸ್ ಹೆರಿಕ್, 1910ರಲ್ಲಿ. ರೋಗಿ ವೆಸ್ಟ್ ಇಂಡೀಸ್‌ನಿಂದ ಬಂದಿದ್ದ ವಿದ್ಯಾರ್ಥಿ. ಆಮೇಲೆ ಬಹುಕಾಲ ಇದು ಆಫ್ರಿಕಾ ಮೂಲದವರ ಕಾಯಿಲೆ ಎಂದೇ ಅನೇಕರು ನಂಬಿದ್ದರು. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು ನಮ್ಮ ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ ಇದನ್ನು ಗುರುತಿಸಿದರು. ಭಾರತದಲ್ಲಿ ಈ ಗುಣ ಪತ್ತೆಯಾದ ಮೊದಲ ವರದಿಗಳಲ್ಲಿ ಇದೊಂದು. ನಂತರ ಮಹಾರಾಷ್ಟ್ರ, ಮಧ್ಯಪ್ರದೇಶ, ಛತ್ತೀಸಗಢ, ಗುಜರಾತ್, ಒಡಿಶಾ ಮುಂತಾದೆಡೆಯೂ ಹೆಚ್ಚಾಗಿ ಕಂಡುಬಂತು.

ನಮ್ಮ ಭಾಗದಲ್ಲಿ ಪಣಿಯ, ಇರುಳ, ಕುರುಂಬ, ಕುರುಮ, ಕುರಿಚ್ಯ ಮೊದಲಾದ ಸಮುದಾಯಗಳಲ್ಲಿ ಈ ಗುಣವಿದೆ. ಬುಡಕಟ್ಟಿಗೆ ಸೇರದ ವಯನಾಡನ್ ಚೆಟ್ಟಿ ಸಮುದಾಯದಲ್ಲಿಯೂ ಇದೆ. ಆದ್ದರಿಂದ ‘ಇದು ಕಾಡಿನವರ ಕಾಯಿಲೆ, ನಮಗಿಲ್ಲ’ ಎನ್ನುವುದು ತಪ್ಪು.

ಇಲ್ಲಿಯೇ ಏಕೆ? ಉತ್ತರ ಮಲೇರಿಯಾದಲ್ಲಿದೆ. ವಯನಾಡು ಮತ್ತು ನೀಲಗಿರಿಯ ತಪ್ಪಲು ಹಿಂದೆ ಮಲೇರಿಯಾಕ್ಕೆ ಹೆಸರಾದ ಸೀಮೆ. ‘ಎಸ್’ ವಂಶವಾಹಿಯ ಒಂದು ಪ್ರತಿ ಮಾತ್ರ ಇರುವವರಿಗೆ ಮಾರಕ ಮಲೇರಿಯಾದಿಂದ ಒಂದಷ್ಟು ರಕ್ಷಣೆ ಸಿಗುತ್ತದೆ ಎಂದು ಆಂತೊನಿ ಆಲಿಸನ್ ಎಂಬ ವಿಜ್ಞಾನಿ 1954ರಲ್ಲಿ ಆಫ್ರಿಕಾದ ಅಧ್ಯಯನದಿಂದ ತೋರಿಸಿದರು. ಚಳಿಜ್ವರದಲ್ಲಿ ಬೇರೆ ಮಕ್ಕಳು ಸಾಯುತ್ತಿದ್ದಾಗ ಈ ಒಂದು ಪ್ರತಿ ಇದ್ದ ಮಕ್ಕಳು ಹೆಚ್ಚಾಗಿ ಬದುಕುಳಿದರು. ಅವರ ಸಂತಾನದಲ್ಲಿ ಆ ಗುಣ ಉಳಿಯಿತು. ಅಂದರೆ ಇದು ಶಾಪವಲ್ಲ, ಯಾರೋ ಮಾಡಿದ ಪಾಪದ ಫಲವೂ ಅಲ್ಲ. ಒಂದು ಕಾಲಕ್ಕೆ ಹಿರಿಯರ ಜೀವ ಉಳಿಸಿದ ಗುಣವೇ ಎರಡು ಪ್ರತಿಯಾಗಿ ಸೇರಿದಾಗ ಕಾಯಿಲೆಯಾಗುತ್ತದೆ.

ವಾಹಕ ಬೇರೆ, ರೋಗಿ ಬೇರೆ

ಇಡೀ ಲೇಖನದಲ್ಲಿ ನೆನಪಿಡಬೇಕಾದ ಮಾತು ಇದು. ರಕ್ತಪರೀಕ್ಷೆಯಲ್ಲಿ ಮೂರು ಬಗೆಯ ಫಲಿತಾಂಶ ಬರಬಹುದು:

* ಎ-ಎ: ಎರಡೂ ಪ್ರತಿ ಸರಿಯಾಗಿವೆ. ರೋಗವೂ ಇಲ್ಲ, ಗುಣವೂ ಇಲ್ಲ.
* ಎ-ಎಸ್: ಒಂದು ಪ್ರತಿ ಮಾತ್ರ ಬದಲಾಗಿದೆ. ಇವರು ವಾಹಕರು. ಇಂಗ್ಲಿಷ್ ಚೀಟಿಯಲ್ಲಿ ‘ಟ್ರೇಟ್’ ಅಥವಾ ‘ಕ್ಯಾರಿಯರ್’ ಎಂದಿರುತ್ತದೆ. ಇವರು ಸಾಮಾನ್ಯವಾಗಿ ಎಲ್ಲರಂತೆ ಆರೋಗ್ಯವಾಗಿರುತ್ತಾರೆ, ದುಡಿಯುತ್ತಾರೆ. ಚಿಕಿತ್ಸೆ ಬೇಕಿಲ್ಲ. ಮುಂದೆ ಇದು ರೋಗವಾಗಿ ಬದಲಾಗುವುದೂ ಇಲ್ಲ.
* ಎಸ್-ಎಸ್: ಎರಡೂ ಪ್ರತಿ ಬದಲಾಗಿವೆ. ಇವರು ರೋಗಿಗಳು. ಇಂಗ್ಲಿಷ್ ಚೀಟಿಯಲ್ಲಿ ‘ಡಿಸೀಸ್’ ಎಂದಿರುತ್ತದೆ.

ಈಗ ತಂದೆ ತಾಯಿಯ ಲೆಕ್ಕ ನೋಡೋಣ. ಮಗುವಿಗೆ ಇಬ್ಬರೂ ತಲಾ ಒಂದು ಪ್ರತಿ ಕೊಡುತ್ತಾರೆ. ಯಾವ ಪ್ರತಿ ಹೋಗುತ್ತದೆ ಎಂಬುದು ನಾಣ್ಯ ಚಿಮ್ಮಿದ ಹಾಗೆ.

* ಇಬ್ಬರೂ ಎ-ಎ: ಮಕ್ಕಳೆಲ್ಲ ಎ-ಎ.
* ಒಬ್ಬರು ಎ-ಎಸ್, ಇನ್ನೊಬ್ಬರು ಎ-ಎ: ಪ್ರತಿ ಮಗುವೂ ವಾಹಕವಾಗುವ ಸಂಭವ ಅರ್ಧದಷ್ಟು. ಯಾವ ಮಗುವೂ ಎಸ್-ಎಸ್ ಆಗುವುದಿಲ್ಲ.
* ಇಬ್ಬರೂ ಎ-ಎಸ್: ಪ್ರತಿ ಬಸಿರಿನಲ್ಲೂ ಎಸ್-ಎಸ್ ಆಗುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು, ಎ-ಎ ಆಗುವ ಸಂಭವ ನಾಲ್ಕರಲ್ಲಿ ಒಂದು.
* ಒಬ್ಬರು ಎಸ್-ಎಸ್, ಇನ್ನೊಬ್ಬರು ಎ-ಎ: ಮಕ್ಕಳೆಲ್ಲರೂ ವಾಹಕರು. ಯಾರಿಗೂ ರೋಗವಿಲ್ಲ.
* ಒಬ್ಬರು ಎಸ್-ಎಸ್, ಇನ್ನೊಬ್ಬರು ಎ-ಎಸ್: ಪ್ರತಿ ಮಗುವಿಗೂ ರೋಗದ ಸಂಭವ ಅರ್ಧ, ವಾಹಕವಾಗುವ ಸಂಭವ ಅರ್ಧ.
* ಇಬ್ಬರೂ ಎಸ್-ಎಸ್: ಮಕ್ಕಳೆಲ್ಲರಿಗೂ ರೋಗ.

ಗಂಡು ಮಗು, ಹೆಣ್ಣು ಮಗು ಎಂಬ ಭೇದ ಇಲ್ಲಿಲ್ಲ. ಮೂರನೆಯ ಸಾಲನ್ನು ಮತ್ತೊಮ್ಮೆ ಓದಿ. ಎಸ್-ಎಸ್ ಮಗು ಹುಟ್ಟಬೇಕಾದರೆ ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ ಬಂದಿರಲೇಬೇಕು. ‘ಸೊಸೆಯ ಕಡೆಯಿಂದ ಬಂದ ಕಾಯಿಲೆ, ನಮ್ಮ ವಂಶದಲ್ಲಿ ಇಲ್ಲ’ ಎಂದು ಹೆಣ್ಣನ್ನು ದೂರುವ ಮನೆಗಳುಂಟು. ತವರಿಗೆ ಕಳಿಸಿದ ಪ್ರಸಂಗಗಳೂ ಉಂಟು. ವಿಜ್ಞಾನದ ಲೆಕ್ಕದಲ್ಲಿ ಇದಕ್ಕೆ ಯಾವ ಆಧಾರವೂ ಇಲ್ಲ. ಗಂಡನ ಪಾಲು, ಹೆಂಡತಿಯ ಪಾಲು ಇಲ್ಲಿ ಸರಿಸಮ.

‘ನಾಲ್ಕರಲ್ಲಿ ಒಂದು’ ಎಂಬುದರ ಅರ್ಥ

ಈ ಮಾತನ್ನು ಅನೇಕರು ತಪ್ಪಾಗಿ ತಿಳಿಯುತ್ತಾರೆ. ‘ಮೊದಲ ಮಗುವಿಗೆ ರೋಗ ಬಂತು, ಇನ್ನು ಮೂರು ಮಕ್ಕಳಿಗೆ ಬರುವುದಿಲ್ಲ’ ಎಂದು ಧೈರ್ಯ ತಂದುಕೊಳ್ಳುತ್ತಾರೆ. ಹಾಗಲ್ಲ. ಹಿಂದಿನ ಮಗುವಿಗೆ ಏನಾಯಿತು ಎಂಬುದು ಮುಂದಿನ ಮಗುವಿಗೆ ಲೆಕ್ಕವಿಲ್ಲ. ಪ್ರತಿ ಬಸಿರಿನಲ್ಲೂ ನಾಣ್ಯವನ್ನು ಹೊಸದಾಗಿ ಚಿಮ್ಮಿದಂತೆ.

ಇಬ್ಬರೂ ವಾಹಕರಾಗಿರುವ, ನಾಲ್ಕು ಮಕ್ಕಳಿರುವ ನೂರು ಮನೆಗಳನ್ನು ಊಹಿಸಿಕೊಳ್ಳಿ. ಲೆಕ್ಕದ ಪ್ರಕಾರ ಸುಮಾರು 32 ಮನೆಗಳಲ್ಲಿ ಒಂದು ಮಗುವಿಗೂ ರೋಗವಿರುವುದಿಲ್ಲ. ಸುಮಾರು 42 ಮನೆಗಳಲ್ಲಿ ಒಂದು ಮಗುವಿಗೆ ಇರುತ್ತದೆ. ಉಳಿದ ಸುಮಾರು 26 ಮನೆಗಳಲ್ಲಿ ಇಬ್ಬರು ಅಥವಾ ಹೆಚ್ಚು ಮಕ್ಕಳಿಗೆ ಇರುತ್ತದೆ. ಆದ್ದರಿಂದ ‘ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ’ ಎಂದ ಮಾತ್ರಕ್ಕೆ ವಾಹಕರಿಲ್ಲ ಎಂದರ್ಥವಲ್ಲ. ಗುಣವು ಎರಡು ಮೂರು ತಲೆಮಾರು ಮರೆಯಲ್ಲೇ ಇಳಿದು ಬರಬಹುದು.

ಇನ್ನೊಂದು ಲೆಕ್ಕ: ತಂದೆ ತಾಯಿ ಇಬ್ಬರೂ ವಾಹಕರಾಗಿ ಮನೆಯಲ್ಲಿ ಒಬ್ಬರಿಗೆ ರೋಗವಿದ್ದು, ಅವರ ತಮ್ಮನೋ ತಂಗಿಯೋ ಆರೋಗ್ಯವಾಗಿದ್ದರೆ, ಆ ಆರೋಗ್ಯವಂತರು ವಾಹಕರಾಗಿರುವ ಸಂಭವ ಮೂರರಲ್ಲಿ ಎರಡು. ಮದುವೆಗೆ ಮುಂಚೆ ಪರೀಕ್ಷೆ ಮುಖ್ಯವಾಗಿ ಬೇಕಾದದ್ದು ಇಂಥವರಿಗೆ.

ಸೋದರಿಕೆಯ ಮದುವೆ

ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳನ್ನು ತಂದುಕೊಳ್ಳುವುದು ದಕ್ಷಿಣ ಭಾರತದ ಅನೇಕ ಸಮುದಾಯಗಳಲ್ಲಿ ಹಳೆಯ ರೂಢಿ. ಗಡಿಯ ಎರಡೂ ಬದಿಯಲ್ಲಿ ಇದು ಉಂಟು. ಇದರ ಲೆಕ್ಕ ಹೀಗಿದೆ. ಸೋದರಮಾವ ಒಂದು ದುರ್ಬಲ ವಂಶವಾಹಿಯ ವಾಹಕನಾಗಿದ್ದರೆ, ಅವನ ಅಕ್ಕನಿಗೂ ಅದು ಇರುವ ಸಂಭವ ಸುಮಾರು ಅರ್ಧ, ಅಕ್ಕನ ಮಗಳಿಗೆ ಇರುವ ಸಂಭವ ಕಾಲು ಭಾಗ. ಅತ್ತೆ ಮಾವನ ಮಕ್ಕಳಲ್ಲಿ ಒಬ್ಬರು ವಾಹಕರಾದರೆ ಇನ್ನೊಬ್ಬರಿಗೆ ಅದೇ ವಂಶವಾಹಿ ಇರುವ ಸಂಭವ ಎಂಟರಲ್ಲಿ ಒಂದು. ಊರಿನಲ್ಲಿ ತೀರ ಅಪರೂಪವಾದ ಗುಣವೂ ಸೋದರಿಕೆಯಲ್ಲಿ ಎರಡು ಪ್ರತಿಯಾಗಿ ಸೇರುವುದು ಹೀಗೆ.

ಹಾಗೆಂದು ಸೋದರಿಕೆಯ ಮದುವೆಯಾದವರ ಮಕ್ಕಳಿಗೆಲ್ಲ ಕಾಯಿಲೆ ಎಂದಲ್ಲ. ಹೆಚ್ಚಿನವರ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಹಾಗೆಯೇ, ‘ನಾವು ನೆಂಟರಲ್ಲ, ಆದ್ದರಿಂದ ಭಯವಿಲ್ಲ’ ಎನ್ನುವುದೂ ತಪ್ಪು. ಒಂದು ಸಮುದಾಯದಲ್ಲಿ ಐವರಲ್ಲಿ ಒಬ್ಬರು ವಾಹಕರಿದ್ದಾರೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಅಲ್ಲಿ ನೆಂಟರಲ್ಲದ ಗಂಡು ಹೆಣ್ಣು ಇಬ್ಬರೂ ವಾಹಕರಾಗುವ ಸಂಭವ 25ರಲ್ಲಿ ಒಂದು. ಸಂಬಂಧ ದೂರದ್ದೋ ಹತ್ತಿರದ್ದೋ, ತಿಳಿಸುವುದು ರಕ್ತಪರೀಕ್ಷೆಯೇ.

ಕಾಯಿಲೆ ಇಳಿಯುವ ಬೇರೆ ದಾರಿಗಳು

ಎಲ್ಲ ಆನುವಂಶಿಕ ಕಾಯಿಲೆಗಳೂ ಮೇಲೆ ಹೇಳಿದ ದಾರಿಯಲ್ಲೇ ಬರುವುದಿಲ್ಲ. ಮುಖ್ಯವಾದ ಮೂರು ದಾರಿಗಳಿವು:

1. ದುರ್ಬಲ ಬಗೆ: ಎರಡು ಪ್ರತಿ ಸೇರಿದರೆ ಮಾತ್ರ ರೋಗ. ಕುಡುಗೋಲು ಕಣ ರೋಗ, ಥಲಸ್ಸೀಮಿಯಾ ಈ ಗುಂಪಿನವು. ತಂದೆ ತಾಯಿ ಆರೋಗ್ಯವಾಗಿದ್ದರೂ ಮಗುವಿಗೆ ರೋಗ ಬರಬಹುದು.

2. ಪ್ರಬಲ ಬಗೆ: ಒಂದು ಪ್ರತಿ ಇದ್ದರೂ ಸಾಕು, ರೋಗ ಬರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಅರ್ಧದಷ್ಟು ಸಂಭವ. ಸಾಮಾನ್ಯವಾಗಿ ತಲೆಮಾರು ಬಿಡದೆ ಕಾಣಿಸುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ಸೊಂಟ ಮತ್ತು ಮಂಡಿಯ ಕೀಲುಗಳನ್ನು ಸವೆಸುವ ಹಂದಿಗೋಡು ಕಾಯಿಲೆ ಈ ಬಗೆಯದೆಂದು ಸಂಶೋಧಕರು ವಂಶಾವಳಿಗಳ ಅಧ್ಯಯನದಿಂದ ಗುರುತಿಸಿದ್ದಾರೆ.

3. ಲಿಂಗ ವರ್ಣತಂತುವಿನ ಬಗೆ: ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ ವರ್ಣತಂತು. ಎಕ್ಸ್ ಮೇಲಿನ ದೋಷವನ್ನು ಹೆಣ್ಣಿನಲ್ಲಿ ಇನ್ನೊಂದು ಎಕ್ಸ್ ಬಹಳ ಮಟ್ಟಿಗೆ ಮುಚ್ಚುತ್ತದೆ. ಗಂಡಿನಲ್ಲಿ ಮುಚ್ಚಲು ಇನ್ನೊಂದಿಲ್ಲ. ಗಾಯವಾದರೆ ರಕ್ತ ನಿಲ್ಲದ ಹಿಮೋಫಿಲಿಯಾ ಮತ್ತು ಕೆಂಪು ಹಸಿರು ಬಣ್ಣಗುರುಡು ಹೀಗೆ ಬರುತ್ತವೆ. ತಾಯಿ ವಾಹಕಳಾದರೆ ಗಂಡು ಮಕ್ಕಳಿಗೆ ಅರ್ಧದಷ್ಟು ಸಂಭವ. ತಂದೆಗೆ ರೋಗವಿದ್ದರೆ ಅವನಿಂದ ಗಂಡು ಮಕ್ಕಳಿಗೆ ಬರುವುದಿಲ್ಲ, ಹೆಣ್ಣು ಮಕ್ಕಳೆಲ್ಲ ವಾಹಕರಾಗುತ್ತಾರೆ. ಬ್ರಿಟನ್ನಿನ ರಾಣಿ ವಿಕ್ಟೋರಿಯಾಳ ವಂಶದಲ್ಲಿ ಹಿಮೋಫಿಲಿಯಾ ಹೀಗೆ ಇಳಿದು, ಮಗಳು, ಮೊಮ್ಮಗಳ ಮೂಲಕ ರಷ್ಯಾದ ಯುವರಾಜ ಅಲೆಕ್ಸಿಯನ್ನು ಮುಟ್ಟಿತು.

ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೂ ಮನೆತನದಲ್ಲಿ ಕಾಣಿಸುತ್ತವೆ. ಆದರೆ ಸಾಮಾನ್ಯವಾಗಿ ಅವಕ್ಕೆ ಅನೇಕ ವಂಶವಾಹಿಗಳ ಜೊತೆ ಊಟ, ದುಡಿಮೆ, ತೂಕವೂ ಕಾರಣ. ಅಲ್ಲಿ ನಾಲ್ಕರಲ್ಲಿ ಒಂದು ಎಂಬ ನೇರ ಲೆಕ್ಕ ನಡೆಯದು.

ನಿಮ್ಮ ಮನೆಯ ವಂಶಾವಳಿ ಬರೆಯಿರಿ

ವೈದ್ಯರ ಬಳಿ ಹೋಗುವ ಮುನ್ನ ಒಂದು ಹಾಳೆಯಲ್ಲಿ ಮೂರು ತಲೆಮಾರಿನ ಚಿತ್ರ ಬರೆದುಕೊಂಡರೆ ತುಂಬಾ ಸಹಾಯ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಮದುವೆಗೆ ಅಡ್ಡ ಗೆರೆ, ಮಕ್ಕಳಿಗೆ ಕೆಳಗಿಳಿಯುವ ಗೆರೆ. ನೆಂಟರೊಳಗೆ ಮದುವೆಯಾಗಿದ್ದರೆ ಎರಡು ಅಡ್ಡ ಗೆರೆ. ರೋಗವಿದ್ದವರ ಗುರುತನ್ನು ಪೂರ್ತಿ ಕಪ್ಪು ಮಾಡಿ, ವಾಹಕರದನ್ನು ಅರ್ಧ ಕಪ್ಪು ಮಾಡಿ. ಎಳೆ ವಯಸ್ಸಿನಲ್ಲಿ ತೀರಿಕೊಂಡ ಮಕ್ಕಳನ್ನೂ ಸೇರಿಸಿ. ಇಂಥ ವಿಷಯ ಮನೆಯ ಅಜ್ಜಿಯರಿಗೇ ಹೆಚ್ಚು ನೆನಪಿರುತ್ತದೆ, ಅವರನ್ನು ಕೇಳಿ.

ಪರೀಕ್ಷೆ ಹೇಗೆ?

ಮೊದಲ ಹಂತದಲ್ಲಿ ಬೆರಳಿನಿಂದ ಒಂದೆರಡು ಹನಿ ರಕ್ತ ತೆಗೆದು ಕರಗುವಿಕೆ ಪರೀಕ್ಷೆ ಮಾಡುತ್ತಾರೆ. ಇದು ‘ಎಸ್’ ಇದೆಯೇ ಇಲ್ಲವೇ ಎಂದು ಮಾತ್ರ ಹೇಳುತ್ತದೆ. ವಾಹಕರೋ ರೋಗಿಯೋ ಎಂದು ಹೇಳುವುದಿಲ್ಲ. ಆದ್ದರಿಂದ ‘ಪಾಸಿಟಿವ್’ ಎಂಬ ಒಂದೇ ಪದ ನೋಡಿ ಎದೆಗುಂದಬೇಡಿ. ಎಲೆಕ್ಟ್ರೊಫೊರೆಸಿಸ್ ಅಥವಾ ಎಚ್‌ಪಿಎಲ್‌ಸಿ ಎಂಬ ಎರಡನೇ ಪರೀಕ್ಷೆ ಮಾಡಿಸಿಯೇ ತೀರ್ಮಾನಕ್ಕೆ ಬನ್ನಿ. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಮೊದಲೇ ತಿಳಿಸಿ, ಫಲಿತಾಂಶ ತಪ್ಪಾಗಬಹುದು.

ಮದುವೆಯಾಗುವ ಇನ್ನೊಬ್ಬರಿಗೂ ಎರಡನೇ ಪರೀಕ್ಷೆಯೇ ಬೇಕು. ಏಕೆಂದರೆ ಒಬ್ಬರು ಎ-ಎಸ್ ಆಗಿದ್ದು ಇನ್ನೊಬ್ಬರು ಬೀಟಾ ಥಲಸ್ಸೀಮಿಯಾದ ವಾಹಕರಾಗಿದ್ದರೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಇರುತ್ತದೆ.

ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಯೋಜನೆ ಆರಂಭಿಸಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಮತ್ತು 2047ರೊಳಗೆ ರೋಗದ ನಿರ್ಮೂಲನೆ ಇದರ ಗುರಿ. ತಮಿಳುನಾಡು, ಕೇರಳ, ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳೂ ಇದರಲ್ಲಿವೆ. ತಪಾಸಣೆಯಾದವರಿಗೆ ಕೊಡುವ ಕಾರ್ಡನ್ನು ಜೋಪಾನವಾಗಿಡಿ.

ರೋಗವಿರುವವರ ಆರೈಕೆ

ಹಿಂದೆ ಈ ಮಕ್ಕಳಲ್ಲಿ ಅನೇಕರು ಎಳವೆಯಲ್ಲೇ ತೀರಿಕೊಳ್ಳುತ್ತಿದ್ದರು. ಈಗ ಸರಿಯಾದ ಆರೈಕೆಯಿಂದ ಓದಿ, ದುಡಿದು, ಸಂಸಾರ ಮಾಡುವವರಿದ್ದಾರೆ.

* ನೀರು ಚೆನ್ನಾಗಿ ಕುಡಿಯಬೇಕು. ನೀರಿನ ಕೊರತೆ, ಚಳಿ, ಜ್ವರ, ಅತಿಯಾದ ದಣಿವು ನೋವನ್ನು ಕೆರಳಿಸುತ್ತವೆ. ನೀಲಗಿರಿಯ ಚಳಿಯಲ್ಲಿ, ಟೀ ತೋಟದ ಮಳೆಯಲ್ಲಿ ಮೈ ಬೆಚ್ಚಗಿಡಬೇಕು.
* ಜ್ವರ, ಎದೆನೋವು, ಏದುಸಿರು, ಹೊಟ್ಟೆಯ ಎಡಭಾಗದ ಊತ, ಮೈಯ ಒಂದು ಭಾಗದ ಬಲಹೀನತೆ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.
* ನ್ಯುಮೋಕಾಕಸ್ ಲಸಿಕೆ, ಎಳೆ ಮಕ್ಕಳಿಗೆ ಪೆನ್ಸಿಲಿನ್, ಫೋಲಿಕ್ ಆಸಿಡ್ ಮಾತ್ರೆಯನ್ನು ವೈದ್ಯರು ಹೇಳಿದಂತೆ ಪಡೆಯಬೇಕು. ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ.
* ಕಬ್ಬಿಣದ ಮಾತ್ರೆಯನ್ನು ತಾವಾಗಿಯೇ ನುಂಗಬಾರದು. ಇದು ಕಬ್ಬಿಣದ ಕೊರತೆಯಿಂದ ಬಂದ ರಕ್ತಹೀನತೆಯಲ್ಲ.
* ಬಸುರಿಗೆ ರೋಗವಿದ್ದರೆ ಮೊದಲ ತಿಂಗಳಿನಿಂದಲೇ ಆಸ್ಪತ್ರೆಯ ಸಂಪರ್ಕದಲ್ಲಿರಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕುಡುಗೋಲು ಕಣ ರೋಗ, ಥಲಸ್ಸೀಮಿಯಾ, ಹಿಮೋಫಿಲಿಯಾ ಮೂರೂ ಸೇರಿವೆ. ರೋಗಿಗಳು ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ಮದುವೆಯ ಮಾತುಕತೆಗೆ ಮುನ್ನ

ಇಬ್ಬರೂ ವಾಹಕರೆಂದು ಮದುವೆಯ ನಂತರ ತಿಳಿದರೆ ದಾರಿಯೇ ಇಲ್ಲವೆಂದಲ್ಲ. ಬಸಿರಿನ ಸುಮಾರು 10ರಿಂದ 12 ವಾರಗಳ ಹೊತ್ತಿಗೆ ಮಗುವಿನ ಸ್ಥಿತಿ ತಿಳಿಯುವ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿ ಇದೆ. ಭ್ರೂಣದ ಲಿಂಗ ತಿಳಿಸುವುದು ಅಪರಾಧ. ಆದರೆ ಹಿಮೋಗ್ಲೋಬಿನ್ ದೋಷದ ಪರೀಕ್ಷೆಗೆ 1994ರ ಅದೇ ಕಾಯ್ದೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶ ಕೊಟ್ಟಿದೆ. ಮುಂದಿನ ತೀರ್ಮಾನ ದಂಪತಿಗಳದು.

ಇಷ್ಟಾದರೂ ಮೊದಲೇ ತಿಳಿದುಕೊಳ್ಳುವುದು ಸುಲಭ. ಶಾಲೆಯ ಅಥವಾ ಊರಿನ ತಪಾಸಣೆಯಲ್ಲಿ ‘ಎ-ಎಸ್’ ಎಂದು ಬಂದ ಹುಡುಗಿಯ ಕಾರ್ಡನ್ನು ಮನೆಯವರು ಪೆಟ್ಟಿಗೆಯ ತಳದಲ್ಲಿ ಮುಚ್ಚಿಡುವುದುಂಟು. ಸಂಬಂಧ ತಪ್ಪಿಹೋದೀತು ಎಂಬ ಭಯ. ಆದರೆ ಲೆಕ್ಕ ನೋಡಿ: ಅವಳನ್ನು ಮದುವೆಯಾಗುವವನು ಎ-ಎ ಆಗಿದ್ದು, ಥಲಸ್ಸೀಮಿಯಾ ವಾಹಕನೂ ಅಲ್ಲದಿದ್ದರೆ ಅವರ ಮಕ್ಕಳಲ್ಲಿ ಒಬ್ಬರಿಗೂ ಈ ರೋಗ ಬಾರದು. ಅವಳಲ್ಲಿ ಯಾವ ಕೊರತೆಯೂ ಇಲ್ಲ. ತೊಂದರೆ ಇರುವುದು ಹುಡುಗ ಪರೀಕ್ಷೆ ಮಾಡಿಸಿಕೊಳ್ಳದೆ ಇರುವುದರಲ್ಲಿ. ಹುಡುಗಿಯ ಕಾರ್ಡು ಕೇಳುವ ಮನೆಯವರು ಹುಡುಗನ ಕಾರ್ಡನ್ನೂ ಎದುರಿಗಿಡಲಿ. ಜಾತಕದ ಜೊತೆಗೆ ಈ ಎರಡು ಕಾರ್ಡುಗಳನ್ನೂ ಹೊಂದಿಸಿ ನೋಡಿದರೆ ಹುಟ್ಟುವ ಮಗುವಿಗೆ ಒಳ್ಳೆಯದು.